ಡಂಗುರ ಹೊಡೆದವರಿಗೇ ಸುದ್ದಿ ಮುಟ್ಟಲಿಲ್ಲ: ವರವು ಕಾವಲಿನ ಒಂದು ಚರಿತ್ರೆ

ಬರಹ ಸ್ವಲ್ಪ ಉದ್ದ ಇದೆ. ತಾಳ್ಮೆಯಿಂದ ಓದಿ. ಅರ್ಧಕ್ಕೆ ನಿಲ್ಲಿಸೋದಾದ್ರೆ ಕೊನೆಯ ಭಾಗವನ್ನಾದ್ರೂ ಓದಿ, ನಿಮ್ಮೂರಿಗೆ ಬೇಕಾಗಿರೋದು ಅಲ್ಲಿದೆ.

ನಮ್ಮ ತಾತ ಊರಿನ ತೋಟಿ. ಕಂದಾಯ ಕಟ್ಟೋ ದಿನ, ಹುಣಸೆ ಮರದ ಹರಾಜು, ದನಕ್ಕೆ ಚುಚ್ಚುಮದ್ದು, ಕೆರೆ ತೂಬು ಎತ್ತೋದು, ಸಾಹೇಬರು ಬರೋದು, ಏನೇ ಇದ್ದರೂ ಸಂಜೆ ತಮಟೆ ಕಾಯಿಸಿಕೊಂಡು ಬೀದಿ ಬೀದಿಗೆ ಸಾರ್ತಿದ್ದ. ಸರ್ಕಾರದ ಬಾಯಿ ಅಂದ್ರೆ ನಮ್ಮ ತಾತನ ಬಾಯಿ. ಕಾವಲಿನಲ್ಲಿ ಜೆಸಿಬಿ ಬಂದು ಕಾಂಪೌಂಡ್ ಏಳೋಕೆ ಶುರುವಾದಾಗ ತಾತನಿಗೆ ಕಣ್ಣು ಮಂಜಾಗಿತ್ತು. ಗೋಡೆ ಹತ್ತಿರ ಕರ್ಕೊಂಡು ಹೋಗಿ ಕೈ ಮುಟ್ಟಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ: "ಇಷ್ಟು ದೊಡ್ಡ ಸುದ್ದಿಗೆ ಟಾಂ ಟಾಂ ಹೊಡಿಸ್ಲಿಲ್ವೇನಪ್ಪಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದ್ದು, ಕೇಳಿದ್ದು, ಅಲೆದದ್ದು ಈ ಬರಹ.

ವರವು ಕಾವಲ್ ಅಂದ್ರೆ ಹೊರಗಿನವರಿಗೆ ಈಗ ರನ್‌ವೇ, ಡ್ರೋನು, ಇಸ್ರೋದ ಪುಷ್ಪಕ್. ನಮಗೆ ಅದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹುಲ್ಲುಗಾವಲು. ಕುರಿ ಮಂದೆ ಅಲ್ಲಿಗೇ ಹೋಗೋದು. ಸೌದೆ, ಸಗಣಿ, ಕಾರೆಹಣ್ಣು, ಬಾರೆಹಣ್ಣು, ಪೊರಕೆಗೆ ಈಚಲು, ಹಿಂದೆ ಚರ್ಮ ಹದ ಮಾಡೋಕೆ ತಂಗಡಿ ಗಿಡದ ತೊಗಟೆ, ಎಲ್ಲ ಅಲ್ಲಿಂದಲೇ. ಹೊಲ ಇಲ್ಲದ ಕೇರಿಯವರಿಗೆ ಅದೇ ಹೊಲ.

*ಬಂಡೆ ಮೇಲೆ ಬರೆದ ನೋಟಿಸು*

ಮೊದಲು ಬಹಳ ಹಿಂದಕ್ಕೆ ಹೋಗೋಣ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಮೂರು ಜಾಗದಲ್ಲಿ ಅಶೋಕನ ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕ್ರಿಸ್ತಪೂರ್ವ 3ನೇ ಶತಮಾನದವು. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಶಾಸನ ಶುರುವಾಗೋದೇ ಆಡಳಿತದ ಕಾಗದದ ಥರ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದಲ್ಲಿರುವ ಮಹಾಮಾತ್ರರ ಕ್ಷೇಮ ವಿಚಾರಿಸ್ತಾರೆ, ಆಮೇಲೆ ರಾಜನ ಮಾತನ್ನು ತಿಳಿಸ್ತಾರೆ. ಇಸಿಲ ಅಂದ್ರೆ ಈ ಬ್ರಹ್ಮಗಿರಿಯ ಪಕ್ಕದ ಹಳೆಯ ಊರೇ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅಕ್ಷರ ಕೆತ್ತಿದ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದ ವಾಯವ್ಯ ದೇಶದ ಲಿಪಿ ನಮ್ಮ ಸೀಮೆಯ ಬಂಡೆ ಮೇಲೆ!

ಅದರಲ್ಲಿ ಏನಿದೆ? ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರೂ ಪ್ರಯತ್ನ ಪಟ್ಟರೆ ಒಳ್ಳೆಯದನ್ನು ಸಾಧಿಸಬಹುದು ಅನ್ನೋ ಮಾತಿದೆ. ಗಡಿಯಂಚಿನಲ್ಲಿ ಇರೋರಿಗೂ ಇದು ತಿಳಿಯಲಿ ಅನ್ನೋ ಮಾತೂ ಇದೆ. ಬುದ್ಧನ ದಾರಿ ಹಿಡಿದ ನಮಗೆ ಅಶೋಕ ಹತ್ತಿರದವನು. ಹಾಗಂತ ಅವನನ್ನು ಹೊಗಳೋಕೆ ಇದನ್ನು ಬರೀತಾ ಇಲ್ಲ. ಆ ಶಾಸನ ಇರೋದು ಪ್ರಾಕೃತದಲ್ಲಿ, ಬ್ರಾಹ್ಮಿ ಅಕ್ಷರದಲ್ಲಿ. ಇಲ್ಲಿ ದನ ಕಾಯೋರಿಗೆ ಅದನ್ನು ಯಾರಾದ್ರೂ ಓದಿ ಹೇಳಬೇಕಾಗಿತ್ತು. ಆದರೂ ಒಂದು ವಿಷಯ ಗಮನಿಸಿ. ರಾಜ್ಯ ಅನ್ನೋದು ಜನಕ್ಕೆ ಏನಾದ್ರೂ ಹೇಳಬೇಕು, ಸಣ್ಣವರಿಗೂ ಅಂಚಿನವರಿಗೂ ಹೇಳಬೇಕು, ಅದು ಅಳಿಸದ ಹಾಗೆ ಇರಬೇಕು ಅನ್ನೋ ಆಲೋಚನೆ ಇದೇ ತಾಲ್ಲೂಕಿನ ಬಂಡೆ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಕೂತಿದೆ. ಅದೇ ಸೀಮೆಯಲ್ಲಿ ನಮ್ಮ ಕಾಲದಲ್ಲಿ ಸಾವಿರಾರು ಎಕರೆ ಕೈ ಬದಲಾಯಿತು. ಊರ ಗೋಡೆ ಮೇಲೆ ಒಂದು ಸೀಮೆಸುಣ್ಣದ ಗೀಟೂ ಬೀಳಲಿಲ್ಲ.

*ಕಾವಲು ಯಾರದು?*

ಕಾವಲಿನ ಕಥೆ ಮೈಸೂರು ಅರಸರಿಂದ ಶುರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಗೆ ಹಾಲು ಬೆಣ್ಣೆ ಒದಗಿಸೋ ದನಗಳ ಇಲಾಖೆ ಇತ್ತು, ಅದು ಬೆಣ್ಣೆ ಚಾವಡಿ. ಹೈದರನ ಕಾಲಕ್ಕೆ ಆ ತಳಿಯ ಎತ್ತುಗಳು ಸೈನ್ಯದ ಬೆನ್ನೆಲುಬಾದವು. ತೋಪು ಎಳೆಯೋದು, ಸಾಮಾನು ಸಾಗಿಸೋದು ಎಲ್ಲ ಅವೇ. ಟಿಪ್ಪು ಆ ಇಲಾಖೆಗೆ ಅಮೃತ್ ಮಹಲ್ ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳೂ ಕಾವಲುಗಳೂ ಬ್ರಿಟಿಷರ ಹಿಡಿತಕ್ಕೆ ಹೋದವು. 1860ರಲ್ಲಿ ಖರ್ಚು ಜಾಸ್ತಿ ಅಂತ ಇಲಾಖೆಯನ್ನೇ ಮುಚ್ಚಿದರು, 1866ರಲ್ಲಿ ಮತ್ತೆ ತೆರೆದರು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ಕಾವಲುಗಳನ್ನು ಹಂಚಿ, ಮಂದೆಗಳನ್ನು ಋತುವಿಗೆ ತಕ್ಕಂತೆ ಸಾಗಿಸ್ತಿದ್ದರು. ಹಳೇ ಮೈಸೂರಿನ ಉದ್ದಗಲಕ್ಕೂ ಲಕ್ಷಾಂತರ ಎಕರೆ ಹೀಗೆ ಉಳಿದುಕೊಂಡಿತ್ತು.

ಇಲ್ಲಿ ಒಂದು ಎಚ್ಚರ ಬೇಕು. "ಹಿಂದೆ ಕಾವಲು ನಮ್ಮೆಲ್ಲರದ್ದಾಗಿತ್ತು, ಎಲ್ಲಾ ಚೆನ್ನಾಗಿತ್ತು" ಅಂತ ಹಾಡೋದು ಸುಳ್ಳು. ಕಾವಲು ಅರಸರದು, ಆಮೇಲೆ ಸರ್ಕಾರದ್ದು. ಬಡವರ ದನ ತಪ್ಪಿ ಒಳಗೆ ಹೋದರೆ ದೊಡ್ಡಿಗೆ ಹಾಕಿ ದಂಡ ಕಟ್ಟಿಸ್ಕೊಳ್ತಿದ್ದರು. ಸೌದೆ ಹೊತ್ತ ಹೆಂಗಸರ ಹೊರೆ ಕಿತ್ತುಕೊಂಡ ಕಥೆ ನಮ್ಮ ಅವ್ವಂದಿರು ಎಷ್ಟು ಬೇಕಾದ್ರೂ ಹೇಳ್ತಾರೆ. ಆದರೆ ಬೇಲಿ ಇರಲಿಲ್ಲ. ಗದರಿಸಿಕೊಂಡಾದ್ರೂ, ದಂಡ ಕಟ್ಟಿಯಾದ್ರೂ ಜನ ಅದರ ಮೇಲೆ ಬದುಕಿದರು. ಮ್ಯಾಸಬೇಡರ ದೇವರ ಎತ್ತು, ಕಾಡುಗೊಲ್ಲರ ಹಟ್ಟಿಯ ದನ, ಕುರುಬರ ಕುರಿ, ಆ ಕುರಿಯ ಉಣ್ಣೆಯಿಂದ ನೇಯುವ ಚಳ್ಳಕೆರೆ ಕಂಬಳಿ, ನಮ್ಮ ಕೇರಿಯ ಸೌದೆ ಒಲೆ, ಎಲ್ಲಕ್ಕೂ ಬೇರು ಅಲ್ಲೇ ಇತ್ತು. ಈ ಬದುಕು ಯಾವ ಪಹಣಿಯಲ್ಲೂ ಬರಲಿಲ್ಲ. ಪಹಣಿ ತೆಗೆದರೆ ಅಲ್ಲಿ ಇರೋದು "ಸರ್ಕಾರಿ", "ಅಮೃತ್ ಮಹಲ್ ಕಾವಲ್" ಅಷ್ಟೇ. ಮುಂದೆ ಆದದ್ದಕ್ಕೆಲ್ಲ ಈ ಒಂದು ಕಾಲಂ ಕಾರಣ.

*ತಮಟೆ ಹಿಡಿದ ಕೈ*

ಇನ್ನು ಸುದ್ದಿ ಸಾರೋರ ಚರಿತ್ರೆ. ನಮ್ಮ ಕಡೆ ತೋಟಿ, ತಳವಾರ, ಕುಳವಾಡಿ, ನೀರಗಂಟಿ ಕೆಲಸಗಳು ಬಹುತೇಕ ಕೇರಿಯವರ ಪಾಲು. ಊರಿನ ಗಡಿಕಲ್ಲು ಎಲ್ಲಿದೆ ಅಂತ ಗೊತ್ತಿರೋದು ಇವರಿಗೆ. ಜಗಳ ಬಂದಾಗ ಚೆಕ್ಕುಬಂದಿ ಹೇಳೋದು ಇವರೇ. ಶಾನುಭೋಗರ ಕಾಗದದಲ್ಲಿ ಇಲ್ಲದ್ದು ಇವರ ಕಾಲಿಗೆ ಗೊತ್ತಿತ್ತು. ಅದಕ್ಕೆ ಪ್ರತಿಯಾಗಿ ಒಂದಿಷ್ಟು ಆಯ, ಕೆಲವು ಕಡೆ ಇನಾಮ್ತಿ ಜಮೀನು. ಕರ್ನಾಟಕ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ವಂಶಪಾರಂಪರ್ಯದ ಈ ಕೆಲಸಗಳು ಕಾನೂನಿನಲ್ಲಿ ಅಲ್ಲಿಗೆ ಮುಗಿದವು. ತಮಟೆ ಮಾತ್ರ ಕೈಬಿಡಲಿಲ್ಲ. ಪಂಚಾಯ್ತಿಯವರು ಕರೆದಾಗ ತಾತ ಆಮೇಲೂ ಹೊಡೆದ.

ಇದರೊಳಗಿನ ಅನ್ಯಾಯ ನೋಡಿ. ಸುದ್ದಿಯನ್ನು ಮೊದಲು ಬಾಯಲ್ಲಿ ಆಡೋದು ನಾವು. ಆದರೆ ಆ ಸುದ್ದಿಯ ಬಗ್ಗೆ ಕೂತು ಮಾತಾಡೋ ಕಟ್ಟೆ ನಮ್ಮದಲ್ಲ. ತಾತ "ನಾಳೆ ಊರ ಸಭೆ ಐತೆ" ಅಂತ ಸಾರಿ ಬರ್ತಿದ್ದ. ಮರುದಿನ ಸಭೆ ನಡೆಯುವಾಗ ಕಟ್ಟೆ ಕೆಳಗೆ, ಚಪ್ಪಲಿ ಬಿಟ್ಟ ಜಾಗದ ಹತ್ತಿರ ನಿಲ್ತಿದ್ದ. ತಿಳಿಸೋ ಕೆಲಸ ನಮ್ಮದು, ತಿಳಿದು ತೀರ್ಮಾನ ಮಾಡೋದು ಅವರದು.

ಬಾಬಾಸಾಹೇಬರು 1920ರ ಜನವರಿ 31ರಂದು ಪತ್ರಿಕೆ ಶುರು ಮಾಡಿದಾಗ ಇಟ್ಟ ಹೆಸರು "ಮೂಕನಾಯಕ". ಮೂಕರು ಅಂದ್ರೆ ಬಾಯಿ ಇಲ್ಲದವರಲ್ಲ. ನಮ್ಮ ತಾತನಷ್ಟು ದೊಡ್ಡ ಗಂಟಲು ಊರಲ್ಲಿ ಇನ್ಯಾರಿಗೂ ಇರಲಿಲ್ಲ. ಬೇರೆಯವರ ಮಾತನ್ನು ಕೂಗಿ ಕೂಗಿ ತನ್ನ ಮಾತಿಗೆ ಜಾಗ ಸಿಗದೆ ಹೋದವರು ಮೂಕರು. 1970ರ ದಶಕದಲ್ಲಿ ಬೂಸಾ ಪ್ರಕರಣದ ನಂತರ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ, "ಪಂಚಮ" ಪತ್ರಿಕೆ ಬಂದಾಗ, ಹಳ್ಳಿಗಳ ಹುಡುಗರು ಕರಪತ್ರ ಹಂಚಿದಾಗ, ಆಗಿದ್ದು ಇದೇ ಬದಲಾವಣೆ: ನಮ್ಮ ಸುದ್ದಿಯನ್ನು ನಾವೇ ಹೇಳಿಕೊಳ್ಳೋದು.

*ಎಂಟು ಸಾವಿರ ಎಕರೆ, ಒಂದು ನೋಟಿಸೂ ಇಲ್ಲ*

ಈಗ ನಮ್ಮ ಕಾಲಕ್ಕೆ ಬರೋಣ. 2009–10ರ ಆಸುಪಾಸಿನಲ್ಲಿ ಚಳ್ಳಕೆರೆ ಸೀಮೆಯ ಕಾವಲುಗಳು ಒಂದೊಂದಾಗಿ ಮಂಜೂರಾದವು. ವರವು ಕಾವಲಿನಲ್ಲಿ 4290 ಎಕರೆ ಡಿಆರ್‌ಡಿಒಗೆ. ಕುದಾಪುರದಲ್ಲಿ 1500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ. ಉಳ್ಳಾರ್ತಿ ಕಾವಲಿನಲ್ಲಿ 1810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, 573 ಎಕರೆ ಇಸ್ರೋಗೆ. ಈ ನಾಲ್ಕನ್ನೇ ಕೂಡಿಸಿ, 8173 ಎಕರೆ. ಇದರ ಜೊತೆಗೆ ಒಂದು ಖಾಸಗಿ ಸೋಲಾರ್ ಕಂಪನಿಗೆ 1250 ಎಕರೆ.

ಹೆಚ್ಚಿನ ಹಳ್ಳಿಯವರಿಗೆ ವಿಷಯ ಗೊತ್ತಾಗಿದ್ದು ಸರ್ವೆಯವರು ಬಂದಾಗ, ಜೆಸಿಬಿ ಕಂಡಾಗ, ಕುರಿ ಹೋಗೋ ದಾರಿಗೆ ಗೋಡೆ ಅಡ್ಡ ಬಂದಾಗ. ತಾತನ ಪ್ರಶ್ನೆ ಇಲ್ಲೇ ಬರೋದು. ಯಾಕೆ ಯಾರೂ ಹೇಳಲಿಲ್ಲ?

ಬಹಳ ಜನ ಅಂದುಕೊಂಡಿರೋದು "ಕದ್ದು ಮಾಡಿದ್ರು, ಅದಕ್ಕೇ ಹೇಳ್ಲಿಲ್ಲ" ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಕಾಗದ ಓದ್ತಾ ಹೋದ ಹಾಗೆ ಅದಕ್ಕಿಂತ ಕೆಟ್ಟದ್ದು ಕಾಣಿಸ್ತು. ಕದಿಯೋ ಅಗತ್ಯವೇ ಇರಲಿಲ್ಲ. ಕಾನೂನಿನ ಪ್ರಕಾರ ಹೇಳಬೇಕಾದ ಮನುಷ್ಯ ಅಂತ ಅಲ್ಲಿ ಯಾರೂ ಇರಲಿಲ್ಲ!

ಬಿಡಿಸಿ ಹೇಳ್ತೀನಿ. ನಿಮ್ಮ ಹೆಸರಲ್ಲಿ ಎರಡು ಎಕರೆ ಖಾತೆ ಇದ್ದು ಸರ್ಕಾರ ಅದನ್ನು ತಗೋಬೇಕು ಅಂದ್ರೆ ಆಗ 1894ರ ಭೂಸ್ವಾಧೀನ ಕಾಯ್ದೆ ಬರ್ತಿತ್ತು. ಅಧಿಸೂಚನೆ, ನೋಟಿಸು, ಆಕ್ಷೇಪಣೆ, ಪರಿಹಾರ ಅಂತ ಒಂದು ದಾರಿ ಇತ್ತು. 2013ರ ಹೊಸ ಕಾಯ್ದೆ ಇನ್ನೂ ಮುಂದೆ ಹೋಗಿ, ಜಮೀನು ಇಲ್ಲದ ಕೂಲಿಯವರನ್ನು, ಆ ನೆಲ ನಂಬಿ ಬದುಕೋರನ್ನೂ ಸಂತ್ರಸ್ತ ಕುಟುಂಬ ಅಂತ ಲೆಕ್ಕಕ್ಕೆ ತಗೊಳ್ತು. ಆದರೆ ಇವೆಲ್ಲ ಸ್ವಾಧೀನ ಆದರೆ ಮಾತ್ರ. ಕಾವಲು ಈಗಾಗಲೇ "ಸರ್ಕಾರಿ". ತನ್ನದನ್ನು ತಾನು ಯಾರಿಂದ ಸ್ವಾಧೀನ ಮಾಡ್ಕೊಳ್ತದೆ? ಕಂದಾಯ ಇಲಾಖೆಯ ಒಂದು ಕಡತದಿಂದ ಇನ್ನೊಂದು ಇಲಾಖೆಯ ಕಡತಕ್ಕೆ ವರ್ಗಾವಣೆ, ಅಷ್ಟೇ. ನೋಟಿಸು ಇಲ್ಲ, ಆಕ್ಷೇಪಣೆ ಇಲ್ಲ, ಪರಿಹಾರ ಇಲ್ಲ.

ಪರಿಸರದ ನಿಯಮ ಇತ್ತಲ್ಲ ಅಂತ ಕೇಳಬಹುದು. 2006ರ ಸೆಪ್ಟೆಂಬರ್‌ನ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ದೊಡ್ಡ ಯೋಜನೆಗೆ ಸ್ಥಳೀಯ ಭಾಷೆಯಲ್ಲಿ ಸಾರಾಂಶ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ಮಾಡಬೇಕು. ಆದರೆ ಅದರಲ್ಲೇ ದೇಶದ ರಕ್ಷಣೆ, ಭದ್ರತೆಯ ಯೋಜನೆಗಳಿಗೆ ಸಭೆಯಿಂದ ವಿನಾಯಿತಿ ಇದೆ. ಮಾಹಿತಿ ಹಕ್ಕು? 2005ರ ಕಾಯ್ದೆಯ 24ನೇ ಕಲಂ ಮತ್ತು ಎರಡನೇ ಅನುಸೂಚಿಯಲ್ಲಿ ಡಿಆರ್‌ಡಿಒ ಹೆಸರಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಬಿಟ್ಟರೆ ಅದು ಉತ್ತರ ಕೊಡಬೇಕಾಗಿಲ್ಲ.

ಅಂದ್ರೆ ಒಂದೊಂದು ಬಾಗಿಲಲ್ಲೂ ಒಂದೊಂದು ಬೀಗ. ಬೀಗಗಳೆಲ್ಲ ಬೇರೆ ಬೇರೆಯಾದರೂ ಕೀಲಿ ಒಂದೇ: ಪಹಣಿಯಲ್ಲಿ ನಿನ್ನ ಹೆಸರಿಲ್ಲ. ಒಬ್ಬರಿಗೆ ತಿಳಿಸೋದು ಅಂದ್ರೆ "ಇದರಲ್ಲಿ ನಿನಗೂ ಪಾಲಿದೆ" ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ತಿಳಿಸಲ್ಲ. ಜಮೀನುಳ್ಳವನಿಗೆ ನೋಟಿಸು, ಭೂಮಿ ಇಲ್ಲದವನಿಗೆ ಗೋಡೆ. ಜಾತಿಯಿಂದ ಭೂಮಿ ಇಲ್ಲದವರಾದ ನಾವು ಮಾಹಿತಿಯಿಂದಲೂ ಹೊರಗೆ ಉಳಿಯೋದು ಹೀಗೆ. ನನ್ನ ಮಟ್ಟಿಗೆ ಇಡೀ ಕಾವಲಿನ ಕಥೆಯ ತಿರುಳು ಇದು.

*ಜನ ತಾವೇ ತಿಳಿದುಕೊಂಡದ್ದು*

ಗೋಡೆ ಎದ್ದ ಮೇಲೆ ಜನ ಸುಮ್ಮನೆ ಕೂರಲಿಲ್ಲ. ದೊಡ್ಡ ಉಳ್ಳಾರ್ತಿ ಸುತ್ತಮುತ್ತಲ ಹಳ್ಳಿಯವರು ಸೇರಿ ಅಮೃತ್ ಮಹಲ್ ಕಾವಲ್ ಹಿತರಕ್ಷಣಾ ಹೋರಾಟ ಸಮಿತಿ ಕಟ್ಟಿದರು. ಕುರಿ ಕಾಯೋರು, ಕಂಬಳಿ ನೇಯೋರು, ಸಣ್ಣ ರೈತರು ಇದ್ದ ಸಮಿತಿ. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಲಿಯೋ ಸಲ್ಡಾನಾ ಜೊತೆಯಾದರು. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರಿಗೆ, ಯಾವ ಆದೇಶ ಅನ್ನೋದನ್ನು ಒಂದೊಂದಾಗಿ ಹೊರಗೆ ತಂದರು. ಅದಕ್ಕೆ ಮುಂಚೆ ಆ ಪೂರ್ತಿ ಲೆಕ್ಕ ಒಂದೇ ಕಡೆ ಯಾರ ಕೈಗೂ ಸಿಕ್ಕಿರಲಿಲ್ಲ. ನಾನು ಮೇಲೆ ಬರೆದ 4290, 1500, 1810, 573 ಅನ್ನೋ ಅಂಕಿಗಳು ಜನರ ಬಾಯಿಗೆ ಬಂದದ್ದು ಇಂಥ ಕೆಲಸದಿಂದ.

ಪ್ರಕರಣ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಕಾವಲುಗಳು ಅರಣ್ಯ ನಿಯಮಗಳ ಪ್ರಕಾರ ಜಿಲ್ಲಾ ಅರಣ್ಯ, ಇಲ್ಲಿ ಅರಣ್ಯ ಹಕ್ಕು ಕಾಯ್ದೆ ಅನ್ವಯ ಆಗ್ತದೆ, ಗ್ರಾಮಸಭೆ ಕೇಳದೆ ಕೊಟ್ಟದ್ದು ತಪ್ಪು ಅನ್ನೋದು ಹೋರಾಟಗಾರರ ವಾದ. 2013ರಲ್ಲಿ ಮಂಡಳಿ ಸತ್ಯಶೋಧನೆಗೆ ತಜ್ಞರ ತಂಡ ಕಳಿಸಿತು. 2014ರ ಆಗಸ್ಟ್ 27ರಂದು ತೀರ್ಪು ಬಂತು. ಮಂಜೂರಾತಿ ರದ್ದಾಗಲಿಲ್ಲ. ಅನುಮತಿ, ಷರತ್ತು ಪಾಲಿಸಿ ಮುಂದುವರಿಯಲು ಮಂಡಳಿ ಬಿಟ್ಟಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ವರವು ಕಾವಲಿನ ವೈಮಾನಿಕ ಪರೀಕ್ಷಾ ನೆಲೆಯನ್ನು ಉದ್ಘಾಟಿಸಿದರು.

ಸೋತೆವಾ? ನೆಲದ ಲೆಕ್ಕದಲ್ಲಿ ಸೋತೆವು, ಅದನ್ನು ಮುಚ್ಚಿಡೋದು ಬೇಡ. ಆದರೆ ಹೋಲಿಸಿ ನೋಡೋಕೆ ಒಂದು ಉದಾಹರಣೆ ಕೊಡ್ತೀನಿ. 2013ರ ಏಪ್ರಿಲ್ 18ರಂದು ಒಡಿಶಾದ ನಿಯಮಗಿರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು "ಗ್ರಾಮಸಭೆಗಳನ್ನು ಕೇಳಿ" ಅಂತು. ಕೇಳಿದ್ದು 12 ಹಳ್ಳಿಗಳನ್ನ. ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಅಂದವು. ಅಲ್ಲಿಯ ಡೋಂಗ್ರಿಯ ಕೊಂಧರಿಗೂ ಬೆಟ್ಟದ ಪಹಣಿ ಇರಲಿಲ್ಲ. ಅವರನ್ನು ಕೇಳಲೇಬೇಕಾದ ಜನ ಅಂತ ಕೋರ್ಟು ಒಪ್ಪಿತು, ವ್ಯತ್ಯಾಸ ಅಷ್ಟೇ. ನಮ್ಮಲ್ಲಿ ಆ ಪ್ರಶ್ನೆ ಗ್ರಾಮಸಭೆ ಮುಂದೆ ಬರೋ ಹೊತ್ತಿಗೆ ಗೋಡೆ ಎದ್ದಿತ್ತು. ತಡವಾಗಿ ಬಂದ ಸುದ್ದಿ ಅಂದ್ರೆ ಸೋಲು.

ನಾವು ವಿಜ್ಞಾನದ ವಿರೋಧಿಗಳಲ್ಲ, ಇದನ್ನೂ ಹೇಳಿಬಿಡ್ತೀನಿ. ಕುದಾಪುರದ ವಿಜ್ಞಾನ ಸಂಸ್ಥೆ ಆವರಣದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡ್ತಾರೆ, ಒಳ್ಳೆಯದು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ವರವು ಕಾವಲಿನ ರನ್‌ವೇ ಮೇಲೆ ಇಳಿಸಿದಾಗ ಟಿವಿಯಲ್ಲಿ ನೋಡಿ ನಮ್ಮ ಮಕ್ಕಳೂ ಚಪ್ಪಾಳೆ ತಟ್ಟಿದವು. ಆದರೆ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಹತ್ತಿರ ಡ್ರೋನ್ ಬಿದ್ದಾಗ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಇನ್ನೊಂದು ಬಿದ್ದಾಗ ಮೊದಲು ಓಡಿ ಹೋಗಿ ನೋಡಿದ್ದು ಹೊಲದಲ್ಲಿದ್ದ ಜನ. ತಲೆ ಮೇಲೆ ಏನು ಹಾರ್ತಾ ಇದೆ ಅಂತ ತಿಳಿಯೋ ಹಕ್ಕು ತಲೆ ಇರೋ ಎಲ್ಲರಿಗೂ ಇದೆ. ಭದ್ರತೆಯ ಗುಟ್ಟು ಕೊಡಿ ಅಂತ ಯಾರೂ ಕೇಳ್ತಾ ಇಲ್ಲ. ದನದ ದಾರಿ ಎಲ್ಲಿ, ನೀರು ಎಲ್ಲಿಂದ, ಕೆಲಸ ಯಾರಿಗೆ, ಉಳಿದ ಕಾವಲಿನ ಗತಿ ಏನು, ಇಷ್ಟು ಕೇಳ್ತಾ ಇದ್ದೀವಿ.

*ನಮ್ಮ ಕೇರಿಯ ಕರಿಹಲಗೆ*

ಇದು ನಮ್ಮೂರಿನ ಸಣ್ಣ ಕಥೆ. ಕಾವಲಿನ ಗಲಾಟೆ ಜೋರಾಗಿದ್ದಾಗ ನಮ್ಮೂರಲ್ಲೂ ಒಂದು ಸಭೆ ಆಯಿತು. ಗುಡಿ ಜಗಲಿ ಮೇಲೆ. ನಾವು ಎಂದಿನಂತೆ ಕೆಳಗೆ. ಹೋರಾಟಕ್ಕೆ ಹೆಸರು ಬರೆದುಕೊಳ್ಳುವಾಗ ಒಬ್ಬರು ನಮ್ಮ ಕಡೆ ತಿರುಗಿ, "ನೀವು ನಾಲ್ಕು ಜನ ತಮಟೆ ತಗೊಂಡು ಬಂದುಬಿಡ್ರಪ್ಪಾ, ಜಾಥಾಕ್ಕೆ ಕಳೆ ಬರ್ತೈತೆ" ಅಂದರು. ಬೈದದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಜಾಸ್ತಿ ನೋವಾಯಿತು. ಹೋರಾಟದಲ್ಲೂ ನಮಗೆ ಸಿಕ್ಕಿದ್ದು ತಾತನ ಕೆಲಸವೇ.

ಆ ರಾತ್ರಿ ಕೇರಿಯಲ್ಲಿ ಕೂತು ಮಾತಾಡಿದೆವು. ಜಾಥಾಕ್ಕೆ ಹೋಗೋದು ಹೌದು, ಯಾಕಂದ್ರೆ ಕಾವಲು ಎಲ್ಲರದ್ದು. ಆದರೆ ಸುದ್ದಿ ನಮ್ಮ ಕೈಲಿರಬೇಕು. ಶಾಲೆಯವರು ಎಸೆದಿದ್ದ ಹಳೇ ಕರಿಹಲಗೆ ತಂದು ಅಂಬೇಡ್ಕರ್ ಭವನದ ಗೋಡೆಗೆ ಹೊಡೆದೆವು. ವಾರಕ್ಕೊಂದು ಸಲ ಅದರ ಮೇಲೆ ಬರೆಯೋದು: ಯಾವ ಸರ್ವೆ ನಂಬರು, ಯಾವ ಕಡತ, ಯಾವ ಕಚೇರಿಯಲ್ಲಿ, ಮುಂದಿನ ದಿನಾಂಕ ಯಾವಾಗ, ಪಂಚಾಯ್ತಿಗೆ ಎಷ್ಟು ದುಡ್ಡು ಬಂತು, ಯಾವ ಕಾಮಗಾರಿಗೆ. ಓದೋಕೆ ಬಾರದ ದೊಡ್ಡವ್ವಂದಿರಿಗೆ ಸಂಜೆ ಒಬ್ಬ ಹುಡುಗಿ ಓದಿ ಹೇಳ್ತಾಳೆ. ಇಷ್ಟೇ ನಮ್ಮ ಸಂಘ. ನೋಂದಣಿ ಇಲ್ಲ, ಲೆಟರ್‌ಹೆಡ್ ಇಲ್ಲ.

ಒಂದು ಸಲ ಹಲಗೆ ಮೇಲೆ ಬರೆದ ಒಂದು ಸರ್ವೆ ನಂಬರು ನೋಡಿ ಒಬ್ಬ ದೊಡ್ಡಪ್ಪ ನಿಂತುಬಿಟ್ಟ. "ಲೇ, ಇದು ನಮ್ಮ ಮಣ್ಣು ಮಾಡೋ ಜಾಗ ಅಲ್ವೇನ್ಲಾ?" ಹೌದು. ಕಾಗದದಲ್ಲಿ ಅದು ಖರಾಬು. ನಮ್ಮ ಮೂರು ತಲೆಮಾರು ಮಲಗಿರೋ ಜಾಗ. ಯಾವುದೋ ಕಟ್ಟಡಕ್ಕೆ ಪ್ರಸ್ತಾವನೆ ಹೋಗಿತ್ತು. ಕಚೇರಿಗೆ ಹೋದರೆ "ಅಲ್ಲಿ ಸ್ಮಶಾನ ಅಂತ ರೆಕಾರ್ಡಿಲ್ವಲ್ಲ" ಅಂದರು. ನಾವು ಮಾಹಿತಿ ಹಕ್ಕಿನಲ್ಲಿ ನಕ್ಷೆ ತೆಗೆಸಿ, ಹಿರಿಯರ ಹೇಳಿಕೆ ಬರೆಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಕೊಟ್ಟೆವು. ಕಡತ ಮರು ಸರ್ವೆಗೆ ವಾಪಸು ಬಂತು. ಇನ್ನೂ ಮುಗಿದಿಲ್ಲ. ಆದರೆ ಈ ಸಲ ಜೆಸಿಬಿಗಿಂತ ಮುಂಚೆ ನಮಗೆ ಗೊತ್ತಾಗಿತ್ತು. ತಾತ ಮಲಗಿರೋದೂ ಅಲ್ಲೇ.

*ನಿಮ್ಮೂರಿಗೆ*

ಉಳಿದಿರೋ ಕಾವಲು, ಗೋಮಾಳ, ಖರಾಬು, ಕೆರೆ ಅಂಗಳ ಎಲ್ಲದರ ಮೇಲೂ ಕಣ್ಣಿದೆ. ಸೋಲಾರ್ ಪಾರ್ಕು, ಗಾಳಿ ಯಂತ್ರ, ಕೈಗಾರಿಕೆ, ಲೇಔಟು, ಹೆಸರು ಯಾವುದಾದ್ರೂ ಇರಬಹುದು. ಅದಕ್ಕೆ ಕೆಲವು ಮಾತು:

ಒಂದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಓದಿ. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನಗಳ ವಿವರವನ್ನು ನೀವು ಕೇಳದೇ ಪ್ರಕಟಿಸಬೇಕು ಅಂತ ಅಲ್ಲಿದೆ. ಸ್ಥಳೀಯ ಭಾಷೆಯಲ್ಲಿ, ನೋಟಿಸು ಬೋರ್ಡು, ಸಾರ್ವಜನಿಕ ಘೋಷಣೆ ಇಂಥ ದಾರಿಗಳಲ್ಲಿ ತಿಳಿಸಬೇಕು ಅಂತಲೂ ಇದೆ. ಅಂದ್ರೆ ತಾತ ಕೇಳಿದ ಟಾಂ ಟಾಂ ಕಾನೂನಿನಲ್ಲೇ ಇದೆ, ಹೊಡಿಸೋರು ಇಲ್ಲ.

ಎರಡು. ಡಿಆರ್‌ಡಿಒ ಉತ್ತರ ಕೊಡದೇ ಇರಬಹುದು. ಆದರೆ ಜಮೀನು ಕೊಟ್ಟದ್ದು ಕಂದಾಯ ಇಲಾಖೆ. ತಾಲ್ಲೂಕು ಕಚೇರಿ, ಜಿಲ್ಲಾಧಿಕಾರಿ ಕಚೇರಿಗೆ ಆ ವಿನಾಯಿತಿ ಇಲ್ಲ. ಅರ್ಜಿ ಅಲ್ಲಿ ಹಾಕಿ. ಬಡತನ ರೇಖೆಗಿಂತ ಕೆಳಗಿರೋರಿಗೆ ಶುಲ್ಕ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ.

ಮೂರು. ಗೋಮಾಳ ಉಳಿಸೋಕೆ 2011ರ ಜನವರಿ 28ರ ಜಗಪಾಲ್ ಸಿಂಗ್ ತೀರ್ಪನ್ನು ಎಲ್ಲರೂ ಹೇಳ್ತಾರೆ. ಸುಪ್ರೀಂ ಕೋರ್ಟು ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂದ ತೀರ್ಪು ಅದು. ಆದರೆ ಸರ್ಕಾರದ ಆದೇಶದ ಮೇಲೆ ಭೂಹೀನ ಕೂಲಿಗಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಗುತ್ತಿಗೆ ಕೊಟ್ಟಿದ್ದರೆ ಅದನ್ನು ಸಕ್ರಮ ಮಾಡಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. "ಕಾವಲು ಉಳಿಸಿ" ಅಂತ ಹೇಳ್ತಾ ನಮ್ಮ ಗುಡಿಸಲನ್ನೇ ಮೊದಲು ಒತ್ತುವರಿ ಅಂತ ತೋರಿಸೋರು ಬಂದಾಗ ಆ ಸಾಲು ನಿಮ್ಮ ಕೈಲಿರಲಿ.

ನಾಲ್ಕು. ಗ್ರಾಮಸಭೆ ಬಿಡಬೇಡಿ. ಕೂಲಿ ಒಂದು ದಿನ ಹೋಗ್ತದೆ, ನಿಜ. 1994ರಲ್ಲಿ ರಾಜಸ್ಥಾನದ ಕೋಟ್ ಕಿರಾಣಾದಲ್ಲಿ ಕೂಲಿಕಾರರು ಕೂತು ಕೂಲಿಯ ಲೆಕ್ಕವನ್ನು ಬಹಿರಂಗವಾಗಿ ಓದಿಸಿದ್ದೇ ಮುಂದೆ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬರೋಕೆ ದಾರಿಯಾಯಿತು. ಅವರೂ ದಿನಗೂಲಿಯವರೇ.

ಐದು. ಸಮಿತಿ ಕಟ್ಟಿದರೆ ಪುಸ್ತಕ ಬರೆಯೋರು, ಕಡತ ಹಿಡಿಯೋರು, ಮೈಕಿನಲ್ಲಿ ಮಾತಾಡೋರು ಕೇರಿಯಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ ಇರಲಿ. ತಮಟೆ ಎಲ್ಲರೂ ಹೊಡೆಯಲಿ.

ತಾತನ ತಮಟೆ ಈಗಲೂ ಮನೆಯಲ್ಲಿದೆ, ಚರ್ಮ ಸಡಿಲ ಆಗಿದೆ. ಏಪ್ರಿಲ್ 14ಕ್ಕೆ ಕಾಯಿಸಿ ಹೊಡಿತೀವಿ, ನಮ್ಮ ಹಬ್ಬಕ್ಕೆ. ಪಂಚಾಯ್ತಿಯವರು ಹೋದ ವರ್ಷ ಹರಾಜು ಸಾರೋಕೆ ಬರ್ತೀರಾ ಅಂತ ಕೇಳಿದರು. ಬರಲ್ಲ ಅಂದೆವು. ನಿಮ್ಮ ಸುದ್ದಿ ಏನಿದ್ರೂ ನಮ್ಮ ಹಲಗೆ ಮೇಲೆ ಬಂದು ಬರೀರಿ, ಸೀಮೆಸುಣ್ಣ ನಾವು ಕೊಡ್ತೀವಿ.

ಓದಿದವರು ನಿಮ್ಮೂರಿನ ಕಾವಲು, ಗೋಮಾಳದ ಕಥೆ ಬರೆಯಿರಿ. ಸರ್ವೆ ನಂಬರು ಸಮೇತ.

ಜೈ ಭೀಮ್.